ಕಂದಿದ ಸೂರ್ಯನ ಕೆಳಗೆ ಒಂದು ಆಟ

ಒಂದು ಮೇಜು, ಅದರ ಸುತ್ತ ಐದಾರು ಮಂದಿ ಗೆಳೆಯರು, ಪ್ರತಿಯೊಬ್ಬರ ಮುಂದೆ ಒಂದು ಹಾಳೆ, ಕೈಯಲ್ಲೊಂದು ಸೀಸದಕಡ್ಡಿ, ನಡುವೆ ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು. ಪಾತ್ರವಹಿಸುವ ಆಟಕ್ಕೆ ಬೇಕಾದ ಸಾಮಗ್ರಿ ಇಷ್ಟೇ. ಗೆಳೆಯರಲ್ಲಿ ಒಬ್ಬನು ಸೂತ್ರಧಾರನಾಗಿ ಒಂದು ಲೋಕವನ್ನು ಬಣ್ಣಿಸುತ್ತಾನೆ. ಉಳಿದವರು ಆ ಲೋಕದ ಒಬ್ಬೊಬ್ಬ ವ್ಯಕ್ತಿಯಾಗಿ, "ನಾನು ಬಾಗಿಲನ್ನು ತೆರೆಯುತ್ತೇನೆ", "ನಾನು ಬಾವಿಯೊಳಕ್ಕೆ ಇಳಿಯುತ್ತೇನೆ" ಎಂದು ತಮ್ಮ ತಮ್ಮ ನಿರ್ಧಾರಗಳನ್ನು ಹೇಳುತ್ತಾರೆ. ಫಲವು ಸಂದಿಗ್ಧವಾದಲ್ಲಿ ದಾಳವು ತೀರ್ಪು ಕೊಡುತ್ತದೆ. ತಾಳಮದ್ದಲೆಯನ್ನು ಕಂಡು ಬಲ್ಲ ವಾಚಕರಿಗೆ, ವೇಷಭೂಷಣಗಳಿಲ್ಲದೆ, ಕುಳಿತಲ್ಲಿಯೇ, ಆಶುವಾದ ಮಾತಿನಿಂದ ಪಾತ್ರವನ್ನು ಕಟ್ಟುವ ಈ ಪರಿ ಹೊಸದೆನಿಸಲಾರದು. ಆದರೆ ತಾಳಮದ್ದಲೆಯಲ್ಲಿ ಕರ್ಣನು ಕೊನೆಗೆ ಬೀಳುವನೆಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಕತೆಯ ಕೊನೆ ಸೂತ್ರಧಾರನಿಗೂ ಗೊತ್ತಿಲ್ಲ. ಒಂದೇ ಕತೆಯು ವಾರವಾರವೂ ಮುಂದುವರಿದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ನಡೆಯುವುದುಂಟು.

ಇಂಥ ದೀರ್ಘವಾದ ಆಟಕ್ಕೆ ತೊಡಗುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಕತೆಯು ಯಾವ ಲೋಕದಲ್ಲಿ ನಡೆಯಬೇಕೆಂಬುದು. ರೂಢಿಯ ಲೋಕವನ್ನು ಎಲ್ಲರೂ ಬಲ್ಲರು: ಹಸುರು ಬೆಟ್ಟಗಳು, ಕಲ್ಲಿನ ಕೋಟೆ, ಗುಹೆಯೊಳಗೆ ಹೊನ್ನಿನ ರಾಶಿಯ ಮೇಲೆ ಮಲಗಿದ ಡ್ರ್ಯಾಗನ್. ಕೆಲಕಾಲ ಅಲ್ಲಿ ಆಡಿದವರಿಗೆ ಅದು ಸಪ್ಪೆಯೆನಿಸಿ, ಕರಾಳವೂ ಅಪರಿಚಿತವೂ ಆದ ಲೋಕವೊಂದರ ಆಸೆ ಹುಟ್ಟುತ್ತದೆ. ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಹೀಗೆಯೇ ಕೇಳಿದಾಗ ನಾವು ಉತ್ಸಾಹದಿಂದ ಸೂತ್ರಧಾರರಾಗಿ ಕುಳಿತೆವು. ಕರಾಳವೆಂದರೆ ಭಯಂಕರ ವಸ್ತುಗಳನ್ನು ಒಟ್ಟುಹಾಕುವುದೆಂದು ನಮ್ಮ ತಿಳಿವಳಿಕೆ. ಹಳ್ಳಿಗೊಂದು ಸಾಂಕ್ರಾಮಿಕ ರೋಗ, ದಾರಿಗೊಬ್ಬ ದ್ರೋಹಿ, ರಾತ್ರಿಗೊಂದು ಪ್ರೇತ. ಮೂರನೆಯ ಸಂಜೆ, ಒಬ್ಬ ವಿದ್ಯಾರ್ಥಿನಿ ಬಹಳ ಅಕ್ಕರೆಯಿಂದ ರೂಪಿಸಿದ್ದ ವೈದ್ಯೆಯೊಬ್ಬಳು ಸೇತುವೆಯೊಂದನ್ನು ದಾಟುತ್ತಿರುವಾಗ, ಸೇತುವೆ ಮುರಿದು ಆಕೆ ಸತ್ತಳೆಂದು ನಾವು ಸಾರಿದೆವು. "ಏಕೆ, ಸರ್?" ಎಂದು ಹುಡುಗಿ ಕೇಳಿದಳು. "ಈ ಲೋಕ ಕರಾಳವಾದದ್ದಲ್ಲವೆ?" ಎಂದು ನಾವು ನಕ್ಕೆವು. ಮುಂದಿನ ವಾರ ಆಕೆ ಬರಲಿಲ್ಲ.

ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು "ಏಕೆ?" ಎಂದು ಕೇಳಿದರೆ ಭೌತವಿಜ್ಞಾನದ ಅಧ್ಯಾಪಕನು ಹಾಗೆ ಉತ್ತರಿಸಿಯಾನೆ? ಆ ಪ್ರಶ್ನೆ ನಮ್ಮನ್ನು ಬಹುದಿನ ಕಾಡಿತು. ಅದರ ಉತ್ತರವನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಆಟದ ಹುಟ್ಟು

ಈ ಆಟದ ಪೂರ್ವಜವು ಯುದ್ಧದ ಆಟ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬುವನು 1824ರಲ್ಲಿ, ನಕ್ಷೆಯ ಮೇಲೆ ತುಂಡುಗಳನ್ನು ನಡೆಸಿ ಸೈನ್ಯಾಧಿಕಾರಿಗಳಿಗೆ ರಣತಂತ್ರವನ್ನು ಕಲಿಸುವ ಆಟವೊಂದನ್ನು ಪ್ರಕಟಿಸಿದನು. ಅದರಲ್ಲಿ ಎರಡು ಪಕ್ಷಗಳ ನಡುವೆ ನಿಂತು, ದಾಳವನ್ನು ನೋಡಿ ಫಲವನ್ನು ಹೇಳುವ ಮಧ್ಯಸ್ಥನೊಬ್ಬನಿದ್ದ. ಇಂದಿನ ಸೂತ್ರಧಾರನ ಮೂಲಪುರುಷ ಈತನೇ. ಒಂದೂವರೆ ಶತಮಾನದ ಬಳಿಕ, 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂದಿತು. ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬ ಆಟಗಾರನು ಒಬ್ಬೊಬ್ಬ ವ್ಯಕ್ತಿಯನ್ನು ನಡೆಸತೊಡಗಿದ್ದು ಇದರ ಹೊಸತನ. ಪ್ರಚಾರದಲ್ಲಿರುವ ಪಾತ್ರವಹಿಸುವ ಆಟಗಳ ವಂಶವೆಲ್ಲ ಇದರಿಂದಲೇ ಬೆಳೆದದ್ದು.

ಸೂರ್ಯನನ್ನು ನಂದಿಸಿದ ಭೌತವಿಜ್ಞಾನ

ಕರಾಳ ಲೋಕಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವೊಂದಿದೆ: ಕಂದಿ ಕೆಂಪಾದ, ಆರಲಿರುವ ಸೂರ್ಯ. ಈ ಚಿತ್ರವು ಕವಿಗಳ ಕಲ್ಪನೆಯಷ್ಟೇ ಅಲ್ಲ. ಅದಕ್ಕೆ ಬಲವನ್ನು ಕೊಟ್ಟವರು ಭೌತವಿಜ್ಞಾನಿಗಳು.

ಸೂರ್ಯನು ಬರಿಯ ಕಲ್ಲಿದ್ದಲಿನ ಉಂಡೆಯಾಗಿದ್ದರೆ ಕೆಲವು ಸಾವಿರ ವರ್ಷಗಳಲ್ಲಿಯೇ ಉರಿದು ಬೂದಿಯಾಗುತ್ತಿದ್ದನು. ಹಾಗಾದರೆ ಅವನ ಶಕ್ತಿಯ ಮೂಲವಾವುದು? ಸೂರ್ಯನ ದ್ರವ್ಯವು ತನ್ನದೇ ಗುರುತ್ವದಿಂದ ಒಳಕ್ಕೆ ಕುಸಿದಾಗ ಹುಟ್ಟಿದ ಶಾಖವೇ ಆ ಮೂಲವೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಊಹಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಮ್ ಥಾಮ್ಸನ್, 1862ರಲ್ಲಿ ಈ ಆಧಾರದಿಂದ ಲೆಕ್ಕಹಾಕಿ, ಸೂರ್ಯನು ಹತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಬೆಳಗಿರುವ ಸಂಭವವಿಲ್ಲವೆಂದೂ, ಮುಂದೆಯೂ ಬಹುಕಾಲ ಬೆಳಗಲಾರನೆಂದೂ ವಾದಿಸಿದನು. ಭೂವಿಜ್ಞಾನಿಗಳು ಒಪ್ಪಲಿಲ್ಲ, ಆದರೆ ಲೆಕ್ಕದಲ್ಲಿ ತಪ್ಪನ್ನು ತೋರಿಸಲು ಯಾರಿಂದಲೂ ಆಗಲಿಲ್ಲ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ಎಚ್. ಜಿ. ವೆಲ್ಸ್, 1895ರ 'ದ ಟೈಮ್ ಮೆಷಿನ್' ಕಾದಂಬರಿಯ ಕೊನೆಯಲ್ಲಿ ಮೂರು ಕೋಟಿ ವರ್ಷಗಳಾಚೆಯ ಕಡಲತೀರವೊಂದನ್ನೂ ಅದರ ಮೇಲೆ ತೂಗುವ ದೊಡ್ಡ ಕೆಂಪು ಸೂರ್ಯನನ್ನೂ ಚಿತ್ರಿಸಿದನು.

ಸೂರ್ಯನ ಗರ್ಭದಲ್ಲಿ ಜಲಜನಕದ ಪರಮಾಣು ಬೀಜಗಳು ಕೂಡಿ ಹೀಲಿಯಮ್ ಆಗುವುದರಿಂದ ಶಕ್ತಿಯು ಹೊರಡುವ ಬಗೆಯನ್ನು ಹಾನ್ಸ್ ಬೆಥೆ 1939ರಲ್ಲಿ ವಿವರಿಸಿದನು. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷಗಳೆಂದೂ, ಇನ್ನೂ ಸುಮಾರು 500 ಕೋಟಿ ವರ್ಷಗಳಿಗೆ ಸಾಲುವಷ್ಟು ಇಂಧನ ಅವನಲ್ಲಿದೆಯೆಂದೂ ಈಗ ನಾವು ಬಲ್ಲೆವು. ಸೂರ್ಯನೇನೋ ಬದುಕಿಕೊಂಡನು, ಆದರೆ ಸಾಯುವ ಸೂರ್ಯನ ಚಿತ್ರ ಸಾಹಿತ್ಯದಲ್ಲಿ ಉಳಿದೇಬಿಟ್ಟಿತು. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ 'ದ ಡೈಯಿಂಗ್ ಅರ್ತ್' ಪುಸ್ತಕದಲ್ಲಿ, ಯಾವ ಕ್ಷಣದಲ್ಲಾದರೂ ಆರಬಹುದಾದ ಸೂರ್ಯನ ಕೆಳಗೆ ಮಾಂತ್ರಿಕರು ಓಡಾಡುತ್ತಾರೆ. ಬಾಯಿಪಾಠ ಮಾಡಿದ ಮಂತ್ರವು ಒಮ್ಮೆ ಬಳಸಿದೊಡನೆ ಮರೆತುಹೋಗುತ್ತದೆಂಬ ನಿಯಮವನ್ನು ಗೈಗ್ಯಾಕ್ಸ್ ತನ್ನ ಆಟಕ್ಕೆ ತೆಗೆದುಕೊಂಡದ್ದು ವ್ಯಾನ್ಸನಿಂದಲೇ. ಕೆಲ್ವಿನ್ನನ ಲೆಕ್ಕ ತಪ್ಪಾದರೂ, ಅದರ ನೆರಳು ನೂರಕ್ಕೂ ಹೆಚ್ಚು ವರ್ಷ ದಾಟಿ ಆಟದ ಮೇಜಿನ ಮೇಲೆ ಬಿದ್ದಿತೆನ್ನಬಹುದು.

ಆಥಾಸ್ ಎಂಬ ಲೋಕ

ಆ ನೆರಳಿನ ಕೂಸು 'ಡಾರ್ಕ್ ಸನ್'. ಟಿಮತಿ ಬ್ರೌನ್ ಮತ್ತು ಟ್ರಾಯ್ ಡೆನಿಂಗ್ ಎಂಬುವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕಾಗಿ ರೂಪಿಸಿದ ಈ ಲೋಕವು 1991ರಲ್ಲಿ ಪ್ರಕಟವಾಯಿತು. ಬ್ರಾಮ್ ಎಂಬ ಚಿತ್ರಕಾರನ ಕುಂಚವು ಅದಕ್ಕೆ ರೂಪವನ್ನು ಕೊಟ್ಟಿತು.

ಈ ಲೋಕದ ಹೆಸರು ಆಥಾಸ್. ಅಲ್ಲಿ ಸೂರ್ಯನು ಕಡುಗೆಂಪು. ನೆಲದ ಬಹುಭಾಗ ಮರಳುಗಾಡು. ಹಿಂದೆ ಸಮುದ್ರವಿದ್ದ ಎಡೆಯಲ್ಲಿ ಈಗ ನುಣ್ಣನೆಯ ಧೂಳು ತುಂಬಿದೆ. ಲೋಹವು ಅತಿ ವಿರಳವಾದುದರಿಂದ ಆಯುಧಗಳನ್ನು ಮೂಳೆ, ಮರ, ಕಲ್ಲು ಮತ್ತು ಜ್ವಾಲಾಮುಖಿಯ ಕಪ್ಪು ಗಾಜಿನಿಂದ ಮಾಡುತ್ತಾರೆ. ಅವು ಹೊಡೆಯುವಾಗಲೇ ಮುರಿಯುವುದುಂಟು. ನಾಣ್ಯವು ಸುಟ್ಟ ಮಣ್ಣಿನದು. ಮೊರೆಯಿಡೋಣವೆಂದರೆ ದೇವತೆಗಳಿಲ್ಲ. ನಗರಗಳನ್ನು ಮಾಂತ್ರಿಕರಾದ ರಾಜರು ಆಳುತ್ತಾರೆ; ಜನರಲ್ಲಿ ಎಷ್ಟೋ ಮಂದಿ ಗುಲಾಮರು. ಪಾತ್ರಗಳು ಸಾಯುವುದು ಇಲ್ಲಿ ಎಷ್ಟು ಸಾಮಾನ್ಯವೆಂದರೆ, ಪ್ರತಿಯೊಬ್ಬ ಆಟಗಾರನೂ ಮೊದಲೇ ನಾಲ್ಕು ಪಾತ್ರಗಳನ್ನು ಸಿದ್ಧಮಾಡಿಟ್ಟುಕೊಳ್ಳಬೇಕೆಂದು ಮೂಲ ನಿಯಮ ಪುಸ್ತಕವೇ ಹೇಳುತ್ತದೆ.

ಇಷ್ಟನ್ನು ಓದಿದವರು, "ಇದೂ ಭಯಂಕರ ವಸ್ತುಗಳ ರಾಶಿಯೇ ಅಲ್ಲವೆ?" ಎನ್ನಬಹುದು. ಅಲ್ಲ. ಈ ಲೋಕದ ಬರಡುತನದ ಬುಡದಲ್ಲಿ ಒಂದು ನಿಯಮವಿದೆ. ಆಥಾಸಿನಲ್ಲಿ ಮಂತ್ರಶಕ್ತಿಯು ಶೂನ್ಯದಿಂದ ಬರುವುದಿಲ್ಲ; ಸುತ್ತಲಿನ ಗಿಡಮರಗಳ ಜೀವದಿಂದ ಬರುತ್ತದೆ. ಸಾವಧಾನದಿಂದ, ಸಸ್ಯವು ತಾಳುವಷ್ಟನ್ನು ಮಾತ್ರ ತೆಗೆದುಕೊಳ್ಳುವವರು ರಕ್ಷಕರು. ಅವಸರದಿಂದ ಎಲ್ಲವನ್ನೂ ಹೀರಿ, ನೆಲವನ್ನು ಬೂದಿ ಮಾಡಿ ನಡೆಯುವವರು ನಾಶಕರು. ನಾಶಕರ ಹಾದಿ ಸುಲಭವಾದುದರಿಂದ ಅದನ್ನೇ ಹಿಡಿದವರು ಹೆಚ್ಚಾದರು, ಹಸುರು ಅಳಿಯಿತು, ಲೋಕ ಮರಳುಗಾಡಾಯಿತು. ಬಾಲಕರೂ ಬಲ್ಲ ಶಕ್ತಿಸಂರಕ್ಷಣೆಯ ತತ್ತ್ವವು ಇಲ್ಲಿ ಕತೆಯ ವೇಷವನ್ನು ತೊಟ್ಟಿದೆ: ಒಂದೆಡೆ ಶಕ್ತಿಯನ್ನು ಪಡೆಯಬೇಕಾದರೆ ಇನ್ನೊಂದೆಡೆ ಅದನ್ನು ಕಳೆದುಕೊಳ್ಳಲೇಬೇಕು. "ಈ ನೆಲವೇಕೆ ಬರಡಾಯಿತು?" ಎಂದು ಆಟಗಾರನು ಕೇಳಿದರೆ ಸೂತ್ರಧಾರನಲ್ಲಿ ಉತ್ತರವಿದೆ.

ಲೆಕ್ಕಹಾಕಿ ನೋಡೋಣ

ನಿಯಮವೊಂದು ದೊರೆತ ಮೇಲೆ ವಿದ್ಯಾರ್ಥಿಗಳು ಸುಮ್ಮನಿರಲಾರರು. ಮುಂದಿನ ಲೆಕ್ಕಗಳು ನಮ್ಮವು. ಆಟದ ಪುಸ್ತಕವು ಜೌಲುಗಳನ್ನು ಎಣಿಸುವುದಿಲ್ಲ.

ಮೊದಲು ಸೂರ್ಯ. ನಮ್ಮ ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5800 ಕೆಲ್ವಿನ್. ಆಥಾಸಿನ ಸೂರ್ಯನ ಉಷ್ಣತೆ 3500 ಕೆಲ್ವಿನ್ ಎಂದು ಇಟ್ಟುಕೊಳ್ಳೋಣ. ಹೊರಸೂಸುವ ಶಕ್ತಿಯು ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾದುದರಿಂದ, ಪ್ರತಿ ಚದರ ಮೀಟರಿನಿಂದ ಹೊರಡುವ ಶಕ್ತಿ ಏಳೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂಥ ಸೂರ್ಯನ ಕೆಳಗೆ ಮರಳು ಸುಡುವ ಬದಲು ಹಿಮ ಬೀಳಬೇಕು! ನಮ್ಮಷ್ಟೇ ಬಿಸಿಲು ಬೇಕಾದರೆ ಆ ಸೂರ್ಯನು ಆಕಾಶದಲ್ಲಿ ಏಳೂವರೆ ಪಟ್ಟು ಜಾಗವನ್ನು ಆಕ್ರಮಿಸಬೇಕು. ಎಂದರೆ ಅವನ ತೋರಿಕೆಯ ವ್ಯಾಸವು ಅರ್ಧ ಡಿಗ್ರಿಗೆ ಬದಲು ಸುಮಾರು ಒಂದೂವರೆ ಡಿಗ್ರಿ ಆಗಬೇಕು. ಇದರಿಂದ ಒಂದು ವಿಚಿತ್ರ ಫಲ ಒದಗುತ್ತದೆ. ಬೆಳಕಿನ ಮೂಲವು ದೊಡ್ಡದಾದಂತೆ ನೆರಳಿನ ಅಂಚು ಮಸುಕಾಗುತ್ತದೆ. ಹತ್ತು ಮೀಟರು ದೂರದ ಗೋಡೆಯಂಚಿನ ನೆರಳು ನಮ್ಮಲ್ಲಿ ಒಂಬತ್ತು ಸೆಂಟಿಮೀಟರಿನಷ್ಟು ಮಸುಕಾದರೆ ಅಲ್ಲಿ ಕಾಲು ಮೀಟರಿನಷ್ಟು ಮಸುಕಾದೀತು. ಅಂಚೇ ಇಲ್ಲದಂಥ ಕೆಂಪು ನೆರಳುಗಳ ನಾಡು! ಇದನ್ನೊಂದು ವಾಕ್ಯದಲ್ಲಿ ಹೇಳಿದರೆ ಸಾಕು, ಹತ್ತು ಪ್ರೇತಗಳಿಗಿಂತ ಹೆಚ್ಚಾಗಿ ಆಟಗಾರರ ಮನಸ್ಸನ್ನು ಹಿಡಿಯುತ್ತದೆ.

ಇನ್ನು ನೀರು. ಕಡುಬಿಸಿಲಿನಲ್ಲಿ ನಡೆಯುವ ಮನುಷ್ಯನು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದು. ದಿನಕ್ಕೆ ಎಂಟು ಗಂಟೆಯಂತೆ ಮೂರು ದಿನ ನಡೆಯುವ ಆರು ಮಂದಿಗೆ 144 ಲೀಟರು ನೀರು ಬೇಕು. ತಲೆಗೆ 24 ಕಿಲೋಗ್ರಾಂ ಹೊರೆ. ಆಗ ಹೊರೆಹೊರುವ ಪ್ರಾಣಿಯೊಂದು ಬೇಕು, ಅದಕ್ಕೂ ನೀರು ಬೇಕು, ದಾರಿಯಲ್ಲಿ ಬಾವಿಯೊಂದಿರಬೇಕು, ಬಾವಿಯ ಒಡೆಯನು ಕೇಳಿದ ಬೆಲೆಯನ್ನು ಕೊಡಬೇಕು. ನೀರಿದ್ದವನೇ ರಾಜನೆಂಬ ರಾಜಕೀಯವು ಬೆವರಿನ ಲೆಕ್ಕದಿಂದಲೇ ಹುಟ್ಟುತ್ತದೆ. ಜಾಣರಾದ ಆಟಗಾರರು ಬೇಗನೆ ಕಂಡುಕೊಳ್ಳುವ ಉಪಾಯ, ಹಗಲು ಮಲಗಿ ರಾತ್ರಿ ನಡೆಯುವುದು. ಕರಾಳ ಲೋಕದಲ್ಲಿ ಕತ್ತಲೆಯೇ ಮಿತ್ರನಾದದ್ದು ಸ್ವಾರಸ್ಯವಲ್ಲವೆ?

ಕೊನೆಗೆ ಮಂತ್ರ. ಒಣಗಿದ ಸಸ್ಯದ್ರವ್ಯದ ಒಂದು ಕಿಲೋಗ್ರಾಮಿನಲ್ಲಿ ಸುಮಾರು 1 ಕೋಟಿ 70 ಲಕ್ಷ ಜೌಲ್ ಶಕ್ತಿ ಅಡಗಿದೆ. ಅದಷ್ಟನ್ನೂ ಸೋರಿಕೆಯಿಲ್ಲದೆ ಮಂತ್ರವಾಗಿಸಬಹುದೆಂದು ಭಾವಿಸೋಣ. 60 ಕಿಲೋಗ್ರಾಂ ತೂಕದ ಗೆಳೆಯನನ್ನು ಹತ್ತು ಮೀಟರಿನ ಗೋಡೆಯ ಮೇಲಕ್ಕೆ ಎತ್ತಲು ಸುಮಾರು 6000 ಜೌಲ್ ಸಾಕು. ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಹುಲ್ಲು. ಆದರೆ ಹತ್ತು ಲೀಟರು ನೀರನ್ನು ಕ್ಷಣಮಾತ್ರದಲ್ಲಿ ಆವಿಯಾಗಿಸಬಲ್ಲ ಬೆಂಕಿಯುಂಡೆಯನ್ನು ಎಸೆಯಬೇಕಾದರೆ 2 ಕೋಟಿ 55 ಲಕ್ಷ ಜೌಲ್ ಬೇಕು. ಎಂದರೆ ಒಂದೂವರೆ ಕಿಲೋಗ್ರಾಂ ಹುಲ್ಲು. ಚದರ ಮೀಟರಿಗೆ ನೂರು ಗ್ರಾಂ ಹುಲ್ಲು ಬೆಳೆಯುವ ಬರಡು ನೆಲದಲ್ಲಿ ಹದಿನೈದು ಚದರ ಮೀಟರು, ಒಂದು ಕೋಣೆಯಷ್ಟು ಜಾಗ, ಬೋಳಾಗುತ್ತದೆ. ಕೈಹಿಡಿದು ಎತ್ತುವ ಮಂತ್ರ ಅಗ್ಗ. ಸುಡುವ ಮಂತ್ರ ದುಬಾರಿ. ನೀತಿಪಾಠದಂತೆ ತೋರುವ ಈ ಮಾತನ್ನು ಯಾರೂ ಉಪದೇಶಿಸಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ.

ಬೇರೆ ಬಗೆಯ ಕತ್ತಲೆಗಳು

ಎಲ್ಲ ಕರಾಳ ಲೋಕಗಳೂ ಮರಳುಗಾಡುಗಳಲ್ಲ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು 1983ರಲ್ಲಿ ಬರೆದ 'ರೇವನ್‌ಲಾಫ್ಟ್' ಕತೆಯಲ್ಲಿ ರಕ್ತಹೀರುವ ಜಮೀನುದಾರನೊಬ್ಬನ ನಾಡನ್ನು ಮಂಜು ಮುಚ್ಚಿದೆ. ಒಳಹೊಕ್ಕವರು ಅವನನ್ನು ಎದುರಿಸದೆ ಹೊರಬರಲಾರರು. ಅಲ್ಲಿಯ ನಿಯಮವು ಮುಚ್ಚಿದ ಬಾಗಿಲು.

ಸ್ಯಾಂಡಿ ಪೀಟರ್ಸನ್ 1981ರಲ್ಲಿ ರೂಪಿಸಿದ 'ಕಾಲ್ ಆಫ್ ಕ್ತುಲು' ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ಚಿತ್ತಸ್ವಾಸ್ಥ್ಯದ ಅಂಕವೊಂದಿದೆ. ಭಯಾನಕವಾದುದನ್ನು ಕಂಡಾಗ ನೂರರವರೆಗಿನ ದಾಳವನ್ನು ಎಸೆಯಬೇಕು. ಬಿದ್ದ ಸಂಖ್ಯೆಯು ಆ ಅಂಕಕ್ಕಿಂತ ಹೆಚ್ಚಾದರೆ ಸೋಲು, ಸೋತರೆ ಅಂಕ ಇನ್ನಷ್ಟು ಇಳಿಯುತ್ತದೆ. ಅಂಕ 60 ಇದ್ದಾಗ ಸೋಲುವ ಸಂಭವ ನೂರಕ್ಕೆ 40. ಅಂಕ 40ಕ್ಕೆ ಇಳಿದಾಗ ಅದೇ ಸಂಭವ ನೂರಕ್ಕೆ 60. ಸೋಲು ಸೋಲನ್ನು ಹೆಚ್ಚಿಸುತ್ತದೆ. ಇಳಿಜಾರಿನಲ್ಲಿ ಉರುಳುವ ಬಂಡೆಯಂತೆ ಜಾರಿಕೆಯೇ ವೇಗವನ್ನು ಪಡೆಯುತ್ತದೆ. ಈ ಆಟದ ನಿಜವಾದ ಭಯವಿರುವುದು ಅದರ ವಿಕಾರರೂಪದ ಭೂತಗಳಲ್ಲಿ ಅಲ್ಲ, ಈ ಅಂಕಗಣಿತದಲ್ಲಿ.

ಸೂತ್ರಧಾರನು ಮರೆಯಬಾರದ ಇನ್ನೊಂದು ಲೆಕ್ಕವಿದೆ. ಪ್ರತಿ ಸಂಜೆ ಪಾತ್ರವೊಂದು ಸಾಯುವ ಸಂಭವ ಇಪ್ಪತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ. ಅಲ್ಪವೆನಿಸುತ್ತದೆ. ಆದರೆ ಮೂವತ್ತು ಸಂಜೆಗಳ ಬಳಿಕ ಆ ಪಾತ್ರವು ಬದುಕಿ ಉಳಿದಿರುವ ಸಂಭವ ನೂರಕ್ಕೆ ಸುಮಾರು 21 ಮಾತ್ರ. ದೀರ್ಘವಾದ ಕತೆಯಲ್ಲಿ ಸಣ್ಣ ಅಪಾಯವೂ ಸಣ್ಣದಲ್ಲ. ನಾಲ್ಕು ಪಾತ್ರಗಳನ್ನು ಸಿದ್ಧಮಾಡಿಕೊಳ್ಳಿರೆಂದ ಆಥಾಸಿನ ಕರ್ತೃಗಳು ಈ ಗುಣಾಕಾರವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಆರಿಸುವ ಬಗೆ

ಇಷ್ಟರಿಂದ ನಮಗೆ ತೋರಿದ ಕೆಲವು ಸೂಚನೆಗಳನ್ನು ಕೊಡಬಹುದು. ಮೊದಲನೆಯದಾಗಿ, ಲೋಕದ ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆದುನೋಡಿರಿ. ಬರೆಯಲಾಗದಿದ್ದರೆ ಲೋಕ ಇನ್ನೂ ಸಿದ್ಧವಾಗಿಲ್ಲ. ಎರಡನೆಯದಾಗಿ, ನಿಯಮವು ಆಟಗಾರರಿಗೂ ಅವರ ವೈರಿಗಳಿಗೂ ಸೂತ್ರಧಾರನಿಗೂ ಒಂದೇ ಆಗಿರಲಿ. ರಾಜನ ಮಂತ್ರಕ್ಕೂ ಹುಲ್ಲು ಬೇಕು. ಮೂರನೆಯದಾಗಿ, ತೆರಬೇಕಾದ ಬೆಲೆಯನ್ನು ನಿರ್ಧಾರಕ್ಕೆ ಮೊದಲೇ ತಿಳಿಸಿರಿ. ಸೇತುವೆ ಲಡ್ಡಾಗಿದೆಯೆಂದು ತಿಳಿದೂ ದಾಟಿದವಳು ಸಾಹಸಿ. ತಿಳಿಯದೆ ದಾಟಿ ಬಿದ್ದವಳು ಬರಿಯ ಬಲಿ. ನಾಲ್ಕನೆಯದಾಗಿ, ಕಾಪಾಡಲು ಯೋಗ್ಯವಾದುದೊಂದನ್ನು ಆ ಲೋಕದಲ್ಲಿ ಉಳಿಸಿರಿ: ಒಂದು ಬಾವಿ, ಒಂದು ತೋಟ, ಒಂದು ಮಗು. ಎಲ್ಲವೂ ಕತ್ತಲೆಯಾದರೆ ಕತ್ತಲೆಯೇ ಕಾಣದು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಆರಂಭಿಸುವ ಮೊದಲು, ಕತೆಯಲ್ಲಿ ಯಾವುದು ಬೇಡವೆಂಬುದನ್ನು ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲಿ. ಮನೆಯಲ್ಲಿ ಸಾವನ್ನು ಕಂಡವರಿರಬಹುದು. ಬೇರೆ ನೋವನ್ನು ಉಂಡವರಿರಬಹುದು. ಕಲ್ಪನೆಯ ಕತ್ತಲೆಯು ಯಾರ ನಿಜವಾದ ಗಾಯವನ್ನೂ ಕೆದಕಬಾರದು.

ಎರಡನೆಯ ಸಲ ನಾವು ಆಥಾಸನ್ನು ಆರಿಸಿದೆವು. ಆ ವಿದ್ಯಾರ್ಥಿನಿಯ ಬಳಿಗೆ ಹೋಗಿ, ಹಿಂದಿನದು ನಮ್ಮ ತಪ್ಪೆಂದು ಒಪ್ಪಿಕೊಂಡು ಕರೆದೆವು. ಆಕೆ ಬಂದಳು, ಈ ಬಾರಿ ರಕ್ಷಕ ಪಂಥದ ಮಾಂತ್ರಿಕಳಾಗಿ. ಏಳನೆಯ ಸಂಜೆ, ಗುಲಾಮರನ್ನು ಹಿಡಿಯುವವರು ಅವರ ತಂಡವನ್ನು ಬೆನ್ನಟ್ಟಿ ಬಂದರು. ಬೆಂಕಿಯುಂಡೆಯೊಂದನ್ನು ಎಸೆದರೆ ಎಲ್ಲರೂ ಪಾರಾಗಬಹುದಿತ್ತು. ಸುತ್ತಮುತ್ತ ಹಸುರೆಂದರೆ ಆಡು ಕಾಯುವ ಮುದುಕನೊಬ್ಬನ ಹುಲ್ಲಿನ ಪಾತಿ ಮಾತ್ರ. ಸುಮಾರು ಹದಿನೈದು ಚದರ ಮೀಟರು. ಹಿಂದಿನ ರಾತ್ರಿ ಅವರಿಗೆಲ್ಲ ನೀರು ಕೊಟ್ಟವನು ಅವನೇ. ಆಟ ನಿಂತಿತು, ಮೇಜಿನ ಸುತ್ತ ಇಪ್ಪತ್ತು ನಿಮಿಷ ವಾದ ನಡೆಯಿತು. ಕೊನೆಗೆ ಆಕೆ, "ಹುಲ್ಲನ್ನು ಮುಟ್ಟುವುದಿಲ್ಲ" ಎಂದಳು. ದಾಳಗಳು ಉರುಳಿದವು. ತಂಡದಲ್ಲೊಬ್ಬನು ಹಿಂದೆ ನಿಂತು ಕಾದಾಡಿ, ಮೂಳೆಯ ಕತ್ತಿ ಮುರಿದು, ಸತ್ತನು, ಉಳಿದವರು ತಪ್ಪಿಸಿಕೊಂಡರು.

ಸತ್ತ ಪಾತ್ರದ ಹಾಳೆಯನ್ನು ಹಿಡಿದಿದ್ದ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಆದರೆ "ಏಕೆ, ಸರ್?" ಎಂದು ಅಂದು ಯಾರೂ ಕೇಳಲಿಲ್ಲ. ಮುಂದಿನ ವಾರ ನಾವು ಹೋಗುವ ಮೊದಲೇ ಎಲ್ಲರೂ ಬಂದು ಕುಳಿತಿದ್ದರು. ಆ ಹುಡುಗನ ಮುಂದೆ ಹೊಸ ಹಾಳೆಯೊಂದಿತ್ತು. ಅದರ ಮೇಲೆ ಬರೆದಿದ್ದ ಹೆಸರು, ಆಡು ಕಾಯುವ ಮುದುಕನ ಮೊಮ್ಮಗನದು.